ಭಾನುವಾರದ ಇಡ್ಲಿ

ನಮ್ಮ ಮನೆಯಲ್ಲಿ ಭಾನುವಾರ ರಾತ್ರಿ ಒಲೆ ಹೊತ್ತಿಸುವ ಪದ್ಧತಿ ನಿಂತು ಎರಡು ವರ್ಷಗಳಾದುವು. ಇದನ್ನು ಬರೆಯುವಾಗ ನನಗೆ ಸ್ವಲ್ಪ ಸಂಕೋಚವಾಗುತ್ತಿರುವುದನ್ನು ಮುಚ್ಚಿಡುವುದಿಲ್ಲ. ಈ ಪುಟದಲ್ಲಿ ತಿಂಗಳು ತಿಂಗಳೂ ಸಾರಿನ ಪುಡಿಯ ಹದ, ಉಪ್ಪಿನಕಾಯಿಯ ಭರಣಿ, ಮಕ್ಕಳ ಕೆಮ್ಮು ಎಂದು ಸೋದರಿಯರಿಗೆ ಬುದ್ಧಿ ಹೇಳುತ್ತ ಬಂದವಳು ವಾರಕ್ಕೊಮ್ಮೆ ಮನೆಮಂದಿಯನ್ನೆಲ್ಲ ಹೊರಡಿಸಿಕೊಂಡು ಹೋಟೆಲಿಗೆ ಹೋಗುತ್ತಾಳೆಂದರೆ ವಾಚಕರು ಏನೆಂದುಕೊಂಡಾರು? ಆದರೆ ಇದ್ದುದನ್ನು ಇದ್ದ ಹಾಗೆ ಹೇಳಿಬಿಡುವುದೇ ಮೇಲು.

ಎರಡು ವರ್ಷಗಳ ಹಿಂದೆ ನನ್ನ ಬಲಗೈಯ ಮಣಿಕಟ್ಟು ನೋಯಲಾರಂಭಿಸಿತು. ಮೂವತ್ತೈದು ವರ್ಷ ಹಿಟ್ಟು ನಾದಿ, ತೆಂಗಿನಕಾಯಿ ತುರಿದು, ಬಟ್ಟೆ ಹಿಂಡಿದ ಕೈ. ನೋಯದೆ ಏನು ಮಾಡೀತು? ವೈದ್ಯರು ಮುಲಾಮು ಬರೆದುಕೊಟ್ಟು, ವಾರಕ್ಕೆ ಒಂದು ಹೊತ್ತಾದರೂ ಈ ಕೈಗೆ ರಜೆ ಕೊಡಬೇಕೆಂದರು. ಮನೆಗೆ ಬಂದು ಈ ಮಾತನ್ನು ತಿಳಿಸಿದಾಗ ಎಲ್ಲರಿಗಿಂತ ಮೊದಲು ಒಪ್ಪಿ ನನಗೆ ಆಶ್ಚರ್ಯವನ್ನುಂಟುಮಾಡಿದವರು ನಮ್ಮ ಅತ್ತೆಯವರು. ಅವರಿಗೆ ಈಗ 84 ವರ್ಷ. ಬಾಯಲ್ಲಿ ಹಲ್ಲುಗಳು ನಾಲ್ಕೋ ಐದೋ ಉಳಿದಿವೆ. ನಾಲಗೆ ಮಾತ್ರ ಪೂರ್ತಿಯಾಗಿ ಉಳಿದಿದೆ, ರುಚಿಗೂ ಮಾತಿಗೂ.

"ಭಾನುವಾರ ರಾತ್ರಿ ಎಲ್ಲರೂ ಹೋಟೆಲಿಗೆ ಹೋಗೋಣ" ಎಂದು ಅವರೇ ಅಂದರು. ಅಂದು ಅವರು ಹೇಳಿದ ಕಥೆ ನನಗೂ ಹೊಸತು. 1960ರಲ್ಲಿ ಅವರು ಈ ಮನೆಗೆ ಸೊಸೆಯಾಗಿ ಬಂದಾಗ, ನಮ್ಮಂತಹ ಮನೆಗಳ ಹೆಂಗಸರು ಹೋಟೆಲಿನ ಮೆಟ್ಟಿಲು ಹತ್ತಿದರೆ ಬೀದಿಗೆಲ್ಲ ಸುದ್ದಿಯಾಗುತ್ತಿದ್ದಿತಂತೆ. ಒಂದು ರಾತ್ರಿ ಮಾವನವರು ಮಸಾಲೆದೋಸೆಯೊಂದನ್ನು ಬಾಳೆಯೆಲೆಯಲ್ಲಿ ಸುತ್ತಿಸಿ, ಮೇಲೆ ವೃತ್ತಪತ್ರಿಕೆ ಹೊದಿಸಿ, ಪಂಚೆಯ ಮರೆಯಲ್ಲಿ ತಂದುಕೊಟ್ಟರಂತೆ. ಇವರು ಅದನ್ನು ತಮ್ಮ ಅತ್ತೆಯ ಕಣ್ಣಿಗೆ ಬೀಳದಂತೆ ಹಿತ್ತಲ ಕತ್ತಲಲ್ಲಿ ನಿಂತು ತಿಂದರಂತೆ. "ತಣ್ಣಗಾಗಿ ಮೆತ್ತಗೆ ಹಪ್ಪಳದ ಹಿಟ್ಟಿನ ಹಾಗೆ ಆಗಿತ್ತು. ಅದನ್ನೇ ಅಮೃತ ಅಂದುಕೊಂಡೆ" ಎಂದು ಹೇಳಿ ನಕ್ಕರು. ಆಮೇಲೆ ಯಾತ್ರೆ, ಮದುವೆ ಎಂದು ಹೊರಟಾಗ ದಾರಿಯ ಹೋಟೆಲುಗಳಲ್ಲಿ ಬಸ್ಸಿನ ಕಡೆಗೊಂದು ಕಣ್ಣಿಟ್ಟುಕೊಂಡು ತಿಂದದ್ದುಂಟು. ನಿರಾತಂಕವಾಗಿ ಮಕ್ಕಳು ಮೊಮ್ಮಕ್ಕಳೊಡನೆ ಕುಳಿತು ಬಿಸಿಬಿಸಿಯಾಗಿ ತಿನ್ನುವ ಆಸೆ ಹಾಗೆಯೇ ಉಳಿದಿದ್ದಿತು.

ಹಳೆಯ ಹೋಟೆಲುಗಳನ್ನು ನೆನೆದು ಹಂಬಲಿಸುವವರು ಇನ್ನೊಂದನ್ನೂ ನೆನೆಯಬೇಕು. ಹೆಂಗಸರಿಗೆ ಮಾತ್ರವಲ್ಲ, ಎಷ್ಟೋ ಜನರಿಗೆ ಆ ಬಾಗಿಲುಗಳು ತೆರೆದಿರಲಿಲ್ಲ. ಜಾತಿಗೊಂದು ಪಂಕ್ತಿ, ಜಾತಿಗೊಂದು ಲೋಟ ಎಂದು ನಡೆಯುತ್ತಿದ್ದ ಹೋಟೆಲುಗಳಿದ್ದುವು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಜಾತಿ, ಮತ, ಲಿಂಗಗಳ ಕಾರಣದಿಂದ ಯಾರನ್ನೂ ತಡೆಯಬಾರದ ಸ್ಥಳಗಳನ್ನು ಹೇಳುವಾಗ, ಬಾವಿ ಕೆರೆಗಳ ಜೊತೆಯಲ್ಲಿ ಹೋಟೆಲನ್ನೂ ಸೇರಿಸಿದೆ. ನೀರು ಕುಡಿಯುವ ಹಕ್ಕಿನಷ್ಟೇ ಕಾಫಿ ಕುಡಿಯುವ ಹಕ್ಕನ್ನೂ ಬರೆದಿಡಬೇಕಾಯಿತೆಂಬುದು ಸಣ್ಣ ಸಂಗತಿಯಲ್ಲ.

ಇರಲಿ, ನಮ್ಮ ಹೋಟೆಲಿನ ವಿಷಯಕ್ಕೆ ಬರುತ್ತೇನೆ. ಮೈಸೂರಿನ ನಮ್ಮ ಬಡಾವಣೆಯಿಂದ ಅತ್ತೆಯವರ ನಡಿಗೆಯಲ್ಲಿ ಕಾಲು ಗಂಟೆಯ ದಾರಿ. ಹೆಸರನ್ನು ಹೇಳುವುದಿಲ್ಲ. ಹದಿನಾಲ್ಕು ಮೇಜುಗಳ ಸಾಧಾರಣ ಹೋಟೆಲು. ಒಳಗೆ ಸಂಸಾರಸ್ಥರಿಗಾಗಿ ಒಂದು ಕೊಠಡಿ. ಗಲ್ಲಾದ ಮೇಲೆ ಗಣಪತಿಯ ಪಟ, ಅದರ ಪಕ್ಕದಲ್ಲಿ ಕಟ್ಟುಹಾಕಿಸಿದ ಆಹಾರ ಇಲಾಖೆಯ ಪರವಾನಿಗೆ. ಊದುಬತ್ತಿಯ ಹೊಗೆ ಎರಡಕ್ಕೂ ಸಮನಾಗಿ ತಾಗಿ ಎರಡೂ ಒಂದೇ ಬಣ್ಣಕ್ಕೆ ತಿರುಗಿವೆ. ಮೇಜುಗಳು ಚೊಕ್ಕಟ. ಬೆಲೆ ನಮ್ಮಂತಹವರಿಗೆ ಎಟಕುವಂತಹುದು. ಮಕ್ಕಳು ಗದ್ದಲ ಮಾಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಇಷ್ಟೆಲ್ಲ ಗುಣಗಳಿರುವ ಆ ಹೋಟೆಲಿಗೆ ಇರುವ ದೋಷ ಒಂದೇ: ಈ ವಾರ ಇದ್ದ ಹಾಗೆ ಮುಂದಿನ ವಾರ ಇರುವುದಿಲ್ಲ.

ಮೊದಲನೆಯ ಭಾನುವಾರ ಬಂದ ಇಡ್ಲಿಯನ್ನು ನಾನು ಇಂದಿಗೂ ಮರೆತಿಲ್ಲ. ಮೈಸೂರಿನವರು ಮಲ್ಲಿಗೆ ಇಡ್ಲಿಯೆಂದು ಹೇಳುವುದು ಇದನ್ನೇ ಇರಬೇಕೆನ್ನಿಸಿತು. ಬೆರಳು ತಾಗಿದರೆ ಮುರಿಯುವಷ್ಟು ಮೃದು; ಅತ್ತೆಯವರು ಹಲ್ಲಿನ ಸಹಾಯವಿಲ್ಲದೆ ನಾಲ್ಕನ್ನು ತಿಂದರು. ಮುಂದಿನ ಭಾನುವಾರ ಅದೇ ಆಸೆಯಿಂದ ಹೋದರೆ ಇಡ್ಲಿಯ ನಡುವೆ ಹಸಿ. ಅದರ ಮುಂದಿನ ವಾರ ಇಡ್ಲಿ ಪರವಾಯಿಲ್ಲ, ಸಾಂಬಾರಿನಲ್ಲಿ ಬೇಳೆಯನ್ನು ದೀಪ ಹಿಡಿದು ಹುಡುಕಬೇಕು. ಒಂದು ವಾರ ದೋಸೆ ಹೊಂಬಣ್ಣದಲ್ಲಿ ಗರಿಗರಿಯಾಗಿ ಬಂದರೆ, ಇನ್ನೊಂದು ವಾರ ಒಂದು ಮಗ್ಗುಲು ಕರಿ, ಒಂದು ಮಗ್ಗುಲು ಬಿಳಿ. ಉಪಚಾರವೂ ಹಾಗೆಯೇ. ಒಬ್ಬ ಮಾಣಿ ಕೇಳದೆಯೇ ಅತ್ತೆಯವರಿಗೆ ಬೆಚ್ಚನೆಯ ನೀರು ತಂದಿಡುವನು. ಮರುವಾರ ಅವನೇ ಗೋಡೆಗೊರಗಿ ಫೋನು ನೋಡುತ್ತ ನಿಂತು, ನಾಲ್ಕು ಸಲ ಕರೆದರೆ ಐದನೆಯ ಸಲಕ್ಕೆ ಕತ್ತೆತ್ತುವನು.

ನಮ್ಮ ಯಜಮಾನರು ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಇದನ್ನೂ ಬರೆದಿಡಲು ತೊಡಗಿದರು. "ಸಾಂಬಾರು ಉತ್ತಮ. ವಡೆ ಮುಗಿದಿದೆಯೆಂದರು. ಕಾಫಿ ತಣ್ಣಗೆ." ಹೀಗೆ ಒಂದೊಂದು ವಾರಕ್ಕೆ ಒಂದೊಂದು ಸಾಲು. ಮೂವತ್ತೊಂದು ವಾರಗಳಾದ ಮೇಲೆ ಕೂಡಿಸಿ ನೋಡಿದರೆ ಹದಿಮೂರು ಒಳ್ಳೆಯವು, ಒಂಬತ್ತು ನಡುವಣವು, ಒಂಬತ್ತು ಕೆಟ್ಟವು. "ಇದು ಹೋಟೆಲೋ ಲಾಟರಿಯೋ?" ಎಂದು ಅವರು ಕೇಳಿದರು. ಬೇರೆ ಹೋಟೆಲಿಗೆ ಹೋಗೋಣವೆಂದರೆ ಉಳಿದವು ಅತ್ತೆಯವರ ಕಾಲಿಗೆ ದೂರ. ಆಟೋದಲ್ಲಿ ಹೋಗುವುದು ಅವರಿಗೆ ಇಷ್ಟವಿಲ್ಲ. ನಡೆದುಕೊಂಡು ಹೋಗಿ, ದಾರಿಯಲ್ಲಿ ಇಬ್ಬರು ಮೂವರನ್ನು ಮಾತನಾಡಿಸಿಕೊಂಡು, ಕುಳಿತು ತಿಂದು ಬರುವುದೇ ಅವರಿಗೆ ವಾರದ ಹಬ್ಬ. ಶನಿವಾರ ಸಾಯಂಕಾಲವೇ ಸೀರೆ ತೆಗೆದಿಡುತ್ತಾರೆ.

ಕಳೆದ ಪುಷ್ಯಮಾಸದ ಒಂದು ಭಾನುವಾರ ಈ ಹಬ್ಬಕ್ಕೆ ವಿಘ್ನ ಬಂದಿತು. ಆ ದಿನ ಹೋಟೆಲು ಕಿಕ್ಕಿರಿದಿದ್ದಿತು. ನಮ್ಮ ಮೇಜಿಗೆ ಬಂದವನು ಹೊಸ ಮಾಣಿ, ಇಪ್ಪತ್ತು ವರ್ಷದ ಹುಡುಗ. ಮಾತಿನ ರಾಗ ಕೇಳಿದರೆ ರಾಯಚೂರಿನ ಕಡೆಯವನೆಂದು ತೋರುತ್ತಿದ್ದಿತು. ಹೇಳಿ ಮುಕ್ಕಾಲು ಗಂಟೆಯಾದರೂ ತಿಂಡಿ ಬರಲಿಲ್ಲ. ನಮಗಿಂತ ಆಮೇಲೆ ಬಂದವರು ಕೈ ತೊಳೆದುಕೊಂಡು ಹೊರಟರು. ಕಡೆಗೆ ಬಂದ ಇಡ್ಲಿ ಚಪ್ಪಟೆಯಾಗಿ ಗಟ್ಟಿಯಾಗಿದ್ದಿತು. ಚಟ್ನಿಯನ್ನು ಮೂಗಿನ ಬಳಿಗೆ ತರುತ್ತಲೇ ನನಗೆ ಗೊತ್ತಾಯಿತು. ಮಕ್ಕಳ ತಟ್ಟೆಯಿಂದ ಬಟ್ಟಲುಗಳನ್ನು ತೆಗೆದು ಪಕ್ಕಕ್ಕಿಟ್ಟೆ. ಅತ್ತೆಯವರು ಇಡ್ಲಿಯನ್ನು ನೆನೆಸಿಕೊಂಡಾದರೂ ತಿನ್ನೋಣವೆಂದು, "ಇನ್ನೊಂದಿಷ್ಟು ಹುಳಿ ತಾಪ್ಪ" ಎಂದು ಆ ಹುಡುಗನಿಗೆ ಹೇಳಿದರು. ಅವನು "ಹೂಂನ್ರೀ" ಎಂದು ಓಡಿಹೋಗಿ ಒಂದು ಸಣ್ಣ ತಟ್ಟೆಯಲ್ಲಿ ನಿಂಬೆಹಣ್ಣಿನ ಹೋಳನ್ನು ತಂದು ಅತ್ತೆಯವರ ಮುಂದಿಟ್ಟನು.

ಯಜಮಾನರು ಅದುವರೆಗೆ ತಡೆದುಕೊಂಡಿದ್ದರು. ನಿಂಬೆಹಣ್ಣನ್ನು ನೋಡಿ, ತಮ್ಮ ವೃದ್ಧ ತಾಯಿಯನ್ನು ಹಾಸ್ಯಮಾಡಿದನೆಂದೇ ಭಾವಿಸಿ ಎದ್ದು ನಿಂತರು. ಅವರ ಧ್ವನಿ ಅಷ್ಟು ಏರಿದುದನ್ನು ನಾನು ಅನೇಕ ವರ್ಷಗಳಿಂದ ಕೇಳಿರಲಿಲ್ಲ. ಗಲ್ಲಾದಲ್ಲಿದ್ದ ಹೋಟೆಲಿನವರು ಬಂದರು. ವಿಚಾರ ಮಾಡಲಿಲ್ಲ, ಎಲ್ಲರ ಎದುರಿಗೆ ಆ ಹುಡುಗನನ್ನು ಬೈದರು. ಹದಿನಾಲ್ಕು ಮೇಜುಗಳಲ್ಲಿಯೂ ಊಟ ನಿಂತಿತು. ಹುಡುಗ ನಿಂಬೆಹಣ್ಣಿನ ತಟ್ಟೆಯನ್ನು ಕೈಯಲ್ಲಿ ಹಿಡಿದು ಹಾಗೆಯೇ ನಿಂತಿದ್ದನು. ಮೂರು ತಟ್ಟೆ ಇಡ್ಲಿಯ 150 ರೂಪಾಯಿಗಳನ್ನು ಬಿಲ್ಲಿನಿಂದ ಕಳೆದು ಉಳಿದುದನ್ನು ಕೊಟ್ಟು ನಾವು ಹೊರಬಿದ್ದೆವು.

ದಾರಿಯುದ್ದಕ್ಕೂ ಅತ್ತೆಯವರು ಮಾತನಾಡಲಿಲ್ಲ. ಮನೆಯ ಗೇಟಿನ ಬಳಿಗೆ ಬಂದಾಗ ನನ್ನ ತೋಳನ್ನು ಹಿಡಿದುಕೊಂಡು, "ಆ ಹುಡುಗನ ಮುಖ ನೋಡಿದೆಯೇನಮ್ಮ? ಆವತ್ತು ನಿನ್ನ ಮುಖವೂ ಹೀಗೇ ಇತ್ತು" ಎಂದರು.

ಯಾವತ್ತು ಎಂದು ನಾನು ಕೇಳಬೇಕಾಗಿರಲಿಲ್ಲ. ನಾನು ಮದುವೆಯಾಗಿ ಬಂದ ಮೊದಲನೆಯ ವರ್ಷ, ಇಂತಹುದೇ ಚಳಿಗಾಲದಲ್ಲಿ, ನಮ್ಮ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಇಡ್ಲಿಯ ಭಾರವನ್ನು ನನಗೆ ಒಪ್ಪಿಸಿದ್ದರು. ಹಿಂದಿನ ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗ್ಗೆ ನೋಡಿದರೆ ಇಟ್ಟ ಹಾಗೆಯೇ ಇದ್ದಿತು. ಬೇರೆ ಗತಿಯಿಲ್ಲದೆ ಬೇಯಿಸಿದೆ. ಬಂದವರು ಮರ್ಯಾದೆಗಾಗಿ ತಿಂದರು. ಅತ್ತೆಯವರು ಅವರ ಎದುರಿಗೇ, "ನಮ್ಮ ಸೊಸೆಗೆ ಇನ್ನೂ ಕೈ ಕೂಡಿಲ್ಲ" ಎಂದರು. ಅಷ್ಟೇ ಮಾತು. ಅದನ್ನು ಅವರು ಅಂದೇ ಮರೆತರೆಂದು ಮೂವತ್ತೈದು ವರ್ಷ ತಿಳಿದುಕೊಂಡಿದ್ದೆ.

ಆ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ಮಗ ತನ್ನ ಫೋನಿನಲ್ಲಿ ಹೋಟೆಲಿಗೆ ಐದರಲ್ಲಿ ಒಂದು ನಕ್ಷತ್ರ ಕೊಟ್ಟು ನಾಲ್ಕು ಮಾತು ಬರೆಯಲು ಕುಳಿತಿದ್ದನು. ಎರಡು ದಿನ ತಡೆ ಎಂದೆ. "ನಾವು ಸುಮ್ಮನಿದ್ದರೆ ನಾಳೆ ಇನ್ನೊಬ್ಬರು ಮೋಸಹೋಗುತ್ತಾರಲ್ಲ, ಅಮ್ಮ?" ಎಂದನು. ಅವನ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಅಡಿಗೆಮನೆಯನ್ನು ಬಲ್ಲವಳಾಗಿ ನಾನು ಅವನಿಗೆ ಹೇಳಿದುದಿಷ್ಟು: ತಟ್ಟೆಯಲ್ಲಿ ಕಾಣುವ ತಪ್ಪುಗಳೆಲ್ಲ ಒಂದೇ ಜಾತಿಯವಲ್ಲ. ಕೈ ತಪ್ಪಿ ಆಗುವುದು ಬೇರೆ, ಗೊತ್ತಿದ್ದೂ ಮಾಡುವುದು ಬೇರೆ. ಗಟ್ಟಿ ಇಡ್ಲಿಯನ್ನು ನಾನು ಕ್ಷಮಿಸಬಲ್ಲೆ. ಹಳಸಿದ ಚಟ್ನಿಯನ್ನು ಕ್ಷಮಿಸಲಾರೆ.

ಇಡ್ಲಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಟ್ಟು ಉಬ್ಬುವುದು ನಮ್ಮ ಕೈಯ ಚಾತುರ್ಯದಿಂದಲ್ಲ. ಉದ್ದಿನಲ್ಲಿಯೂ ಅಕ್ಕಿಯಲ್ಲಿಯೂ ಸಹಜವಾಗಿ ಇರುವ ಸೂಕ್ಷ್ಮಜೀವಿಗಳು ರಾತ್ರಿಯೆಲ್ಲ ದುಡಿದು ಹುಳಿಯನ್ನೂ ಇಂಗಾಲಾಮ್ಲ ವಾಯುವನ್ನೂ ಉಂಟುಮಾಡುತ್ತವೆ. ಅವುಗಳಲ್ಲಿ ಮುಖ್ಯವಾದ ಒಂದಕ್ಕೆ ಲ್ಯೂಕೊನೊಸ್ಟಾಕ್ ಎಂದು ಶಾಸ್ತ್ರಜ್ಞರು ಹೆಸರಿಟ್ಟಿದ್ದಾರೆ. ಉದ್ದಿನ ಲೋಳೆ ಆ ವಾಯುವನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ ಇಡ್ಲಿ ಹಗುರವಾಗುವುದು. ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಈ ಕೆಲಸ ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ಪುಷ್ಯದ ಮೈಸೂರಿನ ಚಳಿಯಲ್ಲಿ ಅದೇ ಹಿಟ್ಟಿಗೆ ಇನ್ನೂ ಐದಾರು ಗಂಟೆ ಬೇಕಾದೀತು. ಮನೆಯಲ್ಲಾದರೆ ಪಾತ್ರೆಗೆ ಕಂಬಳಿ ಸುತ್ತುತ್ತೇವೆ, ಬಿಸಿ ಒಲೆಯ ಪಕ್ಕದಲ್ಲಿಡುತ್ತೇವೆ. ನಾನೂರು ಇಡ್ಲಿಯ ಹಿಟ್ಟಿಗೆ ಕಂಬಳಿ ಹೊದಿಸುವವರು ಯಾರು? ಇನ್ನು ಬೇಸಿಗೆಯಲ್ಲಾದರೆ ರುಬ್ಬುವ ಯಂತ್ರವೇ ಬಿಸಿಯಾಗಿ, ಹಿಟ್ಟು ಬೇಗ ಹುಳಿಯೇರುತ್ತದೆ. ಅಕ್ಕಿಯ ಮೂಟೆ ಬದಲಾದರೂ ಸಾಕು; ಹೊಸ ಅಕ್ಕಿ ಹಳೆಯ ಅಕ್ಕಿಯಷ್ಟು ನೀರು ಕುಡಿಯುವುದಿಲ್ಲ, ಅಂಟುತ್ತದೆ. 1950ರಲ್ಲಿ ಚೆಲುವಾಂಬ ವಿಲಾಸದ ಅರಮನೆಯಲ್ಲಿ ಕೇಂದ್ರ ಆಹಾರ ಸಂಶೋಧನಾಲಯ ಆರಂಭವಾದ ಊರು ನಮ್ಮದು. ಅಂತಹ ಊರಿನಲ್ಲಿಯೂ ಚಳಿಗಾಲದ ಬೆಳಗ್ಗೆ ಪಾತ್ರೆಯ ಮುಚ್ಚಳ ತೆರೆಯುವಾಗ ಗೃಹಿಣಿಯ ಎದೆ ಡವಗುಟ್ಟುವುದು ತಪ್ಪಿಲ್ಲ.

ಚಟ್ನಿಗೆ ಈ ಯಾವ ನೆಪವೂ ಇಲ್ಲ. ಕಾಯಿ ತುರಿದು ರುಬ್ಬಿದುದು ಹೊರಗಿಟ್ಟರೆ ಕೆಲವೇ ಗಂಟೆಗಳಲ್ಲಿ ಕೆಡುತ್ತದೆಂಬುದು ಹತ್ತು ವರ್ಷದ ಹುಡುಗಿಗೂ ಗೊತ್ತು. ಸಂಜೆ ಏಳು ಗಂಟೆಯಲ್ಲಿ ಅದನ್ನು ಬಟ್ಟಲಿಗೆ ಹಾಕುವವನಿಗೆ ಮೂಗಿಲ್ಲವೆ? 2006ರ ಆಹಾರ ಸುರಕ್ಷತೆಯ ಕಾಯಿದೆಯಿದೆ, ಪರವಾನಿಗೆಯ ಸಂಖ್ಯೆಯಿದೆ. ಆದರೆ ಗೋಡೆಯ ಮೇಲಿನ ಪರವಾನಿಗೆ ಇಳಿದುಬಂದು ಚಟ್ನಿಯನ್ನು ಮೂಸಿ ನೋಡಲಾರದು.

ಬುಧವಾರ ಮಧ್ಯಾಹ್ನ ಮೂರು ಗಂಟೆಗೆ, ಜನ ಇಲ್ಲದ ಹೊತ್ತು ನೋಡಿ, ನಾನೊಬ್ಬಳೇ ಹೋಟೆಲಿಗೆ ಹೋದೆನು. ಜಗಳಕ್ಕೆ ಬಂದಳೆಂದು ಹೋಟೆಲಿನವರು ಮುಖ ಬಿಗಿದುಕೊಂಡರು. ನಾನು ಚಟ್ನಿಯ ಮಾತನ್ನು ಮಾತ್ರ ಎತ್ತಿದೆ. ಬೆಳಗ್ಗೆ ಐದಕ್ಕೆ ರುಬ್ಬಿದುದನ್ನು ರಾತ್ರಿಯವರೆಗೆ ಬಡಿಸುತ್ತೀರಾ ಎಂದು ಕೇಳಿದೆ. ಮೊದಲು ಇಲ್ಲವೆಂದರು, ಆಮೇಲೆ, "ತೆಂಗಿನಕಾಯಿ ಬೆಲೆ ನಿಮಗೇ ಗೊತ್ತಲ್ಲಮ್ಮ" ಎಂದರು. ಗೊತ್ತು. 2025ರಲ್ಲಿ ಕಾಯಿಯ ಬೆಲೆ ಏರಿದ ಏರಿಕೆಗೆ ನಮ್ಮ ಮನೆಯ ಪಲ್ಯಗಳೂ ಕಾಯಿತುರಿಯನ್ನು ಅಲಂಕಾರವಾಗಿ ಮಾತ್ರ ಕಂಡುವು. ಹಾಗಿದ್ದರೆ ಅರ್ಧ ರುಬ್ಬಿ ಬೆಳಗ್ಗೆ, ಅರ್ಧ ರುಬ್ಬಿ ಸಂಜೆ. ಖರ್ಚು ಹೆಚ್ಚುವುದಿಲ್ಲ, ಕೆಲಸ ಹೆಚ್ಚುತ್ತದೆ ಎಂದೆ. "ಆ ಕೆಲಸ ಮಾಡುವವರು ಎಲ್ಲಿದ್ದಾರೆ?" ಎಂದರು.

ಅಲ್ಲಿಂದ ಮುಂದೆ ಮಾತು ಬೇರೆ ದಾರಿ ಹಿಡಿಯಿತು. ಅವರ ಹೋಟೆಲಿನಲ್ಲಿ ಕುಂದಾಪುರದ ಕಡೆಯ ಆರು ಮಂದಿ ಅಡಿಗೆಯವರಿದ್ದರಂತೆ. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿದಾಗ ಊರಿಗೆ ಹೋದವರಲ್ಲಿ ನಾಲ್ವರು ಮರಳಿ ಬರಲಿಲ್ಲ. ಉಳಿದ ಇಬ್ಬರಲ್ಲಿ ಇಡ್ಲಿ ದೋಸೆಗಳ ಹದ ಬಲ್ಲವರು ಒಬ್ಬರೇ. ಅವರು ಊರಿಗೆ ಹೋದರೆ, ಜ್ವರ ಬಂದು ಮಲಗಿದರೆ, ಯಾರ ಕೈಗೆ ಸಿಕ್ಕಿತೋ ಅವರ ಕೈಯ ಇಡ್ಲಿ. ಆ ಭಾನುವಾರ ಭಟ್ಟರು ತಾಯಿಯ ತಿಥಿಗೆಂದು ಊರಿಗೆ ಹೋಗಿದ್ದರು. ಯಜಮಾನರ ಲೆಕ್ಕದ ಪುಸ್ತಕದ ಒಂಬತ್ತು ಕೆಟ್ಟ ವಾರಗಳು ನನ್ನ ಕಣ್ಣ ಮುಂದೆ ಬಂದುವು.

"ಭಟ್ಟರಿಗೆ ವಾರದ ರಜೆ ಯಾವತ್ತು?" ಎಂದು ಕೇಳಿದೆ. ಹೋಟೆಲಿನವರು ನನ್ನನ್ನು ವಿಚಿತ್ರವಾಗಿ ನೋಡಿದರು. ವರ್ಷದಲ್ಲಿ ಯುಗಾದಿಗೊಂದು ದಿನ, ದೀಪಾವಳಿಗೊಂದು ದಿನ ಬಾಗಿಲು ಹಾಕುವುದುಂಟಂತೆ. ವಾರಕ್ಕೊಂದು ದಿನ ಬಿಡುವು ಕೊಡಬೇಕೆಂದು ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ 1961ರಿಂದಲೂ ಹೇಳುತ್ತಿದೆ. ಅದನ್ನು ನಾನು ಅವರಿಗೆ ಹೇಳಲಿಲ್ಲ, ಕಾನೂನು ಹೇಳುವ ಹೆಂಗಸಿನ ಮಾತನ್ನು ಯಾರೂ ಎರಡನೆಯ ಸಲ ಕೇಳುವುದಿಲ್ಲ. ಬೆಂಗಳೂರಿನ ಗಾಂಧಿಬಜಾರಿನ ವಿದ್ಯಾರ್ಥಿ ಭವನದ ಮಾತನ್ನು ಹೇಳಿದೆ. 1943ರಲ್ಲಿ ಆರಂಭವಾದ ಹೋಟೆಲು. ದೋಸೆಗಾಗಿ ಜನ ಬಾಗಿಲಲ್ಲಿ ಕಾಯುತ್ತಾರೆ. ಆದರೂ ಶುಕ್ರವಾರ ರಜೆ. "ಅವರದು ದೊಡ್ಡ ಹೆಸರು, ನಡೆಯುತ್ತದೆ" ಎಂದರು. ಹೆಸರು ಬಂದ ಮೇಲೆ ರಜೆಯೋ, ರಜೆಯಿದ್ದುದರಿಂದ ಹೆಸರೋ ಎಂಬುದನ್ನು ನಾನೂ ಬಲ್ಲೆನೆಂದು ಹೇಳಲಾರೆ. 1924ರಲ್ಲಿ ಹುಟ್ಟಿದ ಮಾವಳ್ಳಿ ಟಿಫಿನ್ ರೂಮ್ಸ್‌ನವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯೇ ಸಿಕ್ಕದಾಗ ರವೆಯಿಂದ ಇಡ್ಲಿ ಮಾಡಿದುದಾಗಿ ಹೇಳುತ್ತಾರೆ. ಅಭಾವ ಬಂದಾಗ ಹೊಸ ದಾರಿ ಹುಡುಕಿದ ಹೋಟೆಲುಗಳಿವೆ. ಅಭಾವವನ್ನು ತಿನ್ನುವವರ ತಟ್ಟೆಗೇ ಬಡಿಸಿದ ಹೋಟೆಲುಗಳೂ ಇವೆ.

ನನಗೂ ಒಂದು ಮಾತು ತಾಗಿತು. ವಾರದ ಏಳು ದಿನಗಳಲ್ಲಿ ಹೋಟೆಲಿಗೆ ಹೆಚ್ಚು ಜನ ಬರುವುದು ಭಾನುವಾರವಂತೆ, ಮಿಕ್ಕ ದಿನಗಳ ಮೂರರಷ್ಟು. ನನ್ನಂತಹ ಎಷ್ಟು ಮಂದಿ ಗೃಹಿಣಿಯರ ಕೈಗಳ ರಜೆಯೆಲ್ಲ ಅಲ್ಲಿ ಒಬ್ಬ ಭಟ್ಟರ ಕೈಯ ಮೇಲೆ ಬೀಳುತ್ತಿದ್ದಿತೆಂಬುದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ.

ಹೊರಡುವಾಗ ಆ ಹುಡುಗ ಎಲ್ಲಿ ಎಂದು ಕೇಳಿದೆ. ಹಿಂದೆ ಪಾತ್ರೆ ತೊಳೆಯುತ್ತಿದ್ದನು. ಮೇಜಿನ ಕೆಲಸದಿಂದ ತೆಗೆದಿದ್ದರು. ಕಳೆದ 150 ರೂಪಾಯಿಗಳನ್ನು ಅವನ ಸಂಬಳದಲ್ಲಿ ಹಿಡಿದಿರುವುದಾಗಿಯೂ ಹೋಟೆಲಿನವರು ಹೇಳಿದರು, ನಮಗೆ ಸಮಾಧಾನವಾಗಲೆಂದು. "ಇಡ್ಲಿ ಬೇಯಿಸಿದವನು ಅವನೇ ಏನು?" ಎಂದೆ. "ತಿಂಡಿ ತಂದಿಟ್ಟವನು ಅವನೇ ತಾನೆ? ಶಿಸ್ತು ಬೇಡವೆ?" ಎಂದರು. ನಿಂಬೆಹಣ್ಣಿನ ವಿಷಯ ಕೇಳಿದರೆ ಹುಡುಗನು ತಲೆ ತಗ್ಗಿಸಿಕೊಂಡೇ, "ಅಜ್ಜಿ ಹುಳಿ ಕೇಳಿದ್ರಲ್ರೀ" ಎಂದನು. ಆಗ ನನಗೆ ಹೊಳೆಯಿತು. ನಮ್ಮ ಹಳೆಯ ಮೈಸೂರಿನ ಮನೆಗಳಲ್ಲಿ ಸಾಂಬಾರಿಗೆ ಹುಳಿಯೆಂದೇ ಹೆಸರು. ಅವನ ಕಿವಿಗೆ ಹುಳಿಯೆಂದರೆ ಹುಳಿಯೇ. ಅಷ್ಟು ಗದ್ದಲದಲ್ಲಿಯೂ ಓಡಿಹೋಗಿ, ಹುಡುಕಿ, ಹೋಳು ಮಾಡಿ ತಂದಿದ್ದನು.

ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆಯವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಯಜಮಾನರು ನಗಲಿಲ್ಲ, ಎದ್ದು ಹೋಗಿ ವರಾಂಡದಲ್ಲಿ ಬಹಳ ಹೊತ್ತು ಕುಳಿತಿದ್ದರು.

ಮುಂದಿನ ಭಾನುವಾರ ಅತ್ತೆಯವರು ಎಂದಿನಂತೆ ಸೀರೆ ತೆಗೆದಿಟ್ಟರು. ಯಾರೂ ಎದುರು ಹೇಳಲಿಲ್ಲ. ಹೋಟೆಲಿಗೆ ಹೋಗುತ್ತಲೇ ಯಜಮಾನರು ಗಲ್ಲಾದ ಬಳಿಗೆ ಹೋಗಿ 150 ರೂಪಾಯಿಗಳನ್ನು ಎಣಿಸಿಟ್ಟು, "ಹೋದ ವಾರದ ಬಾಕಿ. ಹುಡುಗನ ಲೆಕ್ಕಕ್ಕೆ ಸೇರಿಸಿ" ಎಂದರು. ಹೋಟೆಲಿನವರು ಬೇಡವೆಂದು ಸ್ವಲ್ಪ ಉಪಚಾರ ಹೇಳಿ ತೆಗೆದುಕೊಂಡರು. ಅತ್ತೆಯವರು ಕುರ್ಚಿಯಲ್ಲಿ ಕುಳಿತು, ಆ ಹುಡುಗನೇ ಬಡಿಸಬೇಕೆಂದು ಹಟ ಹಿಡಿದರು. ಅವನು ಒದ್ದೆ ಕೈಗಳನ್ನು ಒರೆಸಿಕೊಳ್ಳುತ್ತ ಬಂದನು. "ನೋಡು ಮಗು, ನನಗೆ ಸಾಂಬಾರು ಬೇಕು. ಸಾಂಬಾರು. ನಿಂಬೆಹಣ್ಣಲ್ಲ" ಎಂದರು. ಹುಡುಗ ಮೊದಲು ಹೆದರಿದನು, ಆಮೇಲೆ ನಕ್ಕನು.

ಅಂದಿನ ತಿಂಡಿ ಅದ್ಭುತವಾಗಿದ್ದಿತೆಂದು ಬರೆದರೆ ಚೆನ್ನಾಗಿರುತ್ತಿದ್ದಿತು. ಹಾಗೇನೂ ಇರಲಿಲ್ಲ. ಭಟ್ಟರು ಇನ್ನೂ ಊರಿಂದ ಬಂದಿರಲಿಲ್ಲವಾದ್ದರಿಂದ ಇಡ್ಲಿ ನಡುವಣ ಜಾತಿಯದು. ಒಂದು ವಡೆ ಹೇಳಿದ್ದು ಕಡೆಗೂ ಬರಲಿಲ್ಲ. ಚಟ್ನಿ ಮಾತ್ರ ಆಗ ತಾನೇ ರುಬ್ಬಿದುದು, ಕಾಯಿ ಕಡಿಮೆ, ಹುರಿಗಡಲೆ ಹೆಚ್ಚು, ಆದರೆ ತಾಜಾ. ನಾನು ಎರಡು ಸಲ ಹಾಕಿಸಿಕೊಂಡೆ. ಮಗ ಫೋನಿನಲ್ಲಿ ಏನು ಬರೆದನೋ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಯಜಮಾನರ ಪುಸ್ತಕದಲ್ಲಿ ಆ ದಿನದ ಸಾಲು ಹೀಗಿದೆ: "ಕಾಫಿ ಬಹಳ ಚೆನ್ನಾಗಿತ್ತು. ವಡೆ ಮರೆತನು."

ಭಟ್ಟರು ಆಮೇಲೆ ಬಂದರು. ಬಂದವರು ಒಂದು ಶರತ್ತು ಹಾಕಿದರೆಂದು ಹುಡುಗನಿಂದ ತಿಳಿಯಿತು. ನನ್ನ ಬುಧವಾರದ ಮಾತಿಗೂ ಇದಕ್ಕೂ ಸಂಬಂಧವಿದೆಯೆಂದು ನಾನು ಹೇಳಿಕೊಳ್ಳುವುದಿಲ್ಲ. ಇನ್ನೊಂದು ಹೋಟೆಲಿನವರು ಅವರನ್ನು ಕರೆದಿದ್ದರಂತೆ. ಅಂತೂ ಕಳೆದ ಮಂಗಳವಾರ ಬೆಳಗ್ಗೆ ವಾಯುಸಂಚಾರಕ್ಕೆ ಹೋದ ಯಜಮಾನರು, ದಾರಿಯಲ್ಲಿ ಅಲ್ಲೊಂದು ಕಾಫಿ ಕುಡಿದು ಬರುವ ತಮ್ಮ ಅಭ್ಯಾಸದಂತೆ ಹೋಟೆಲಿನ ಬಳಿಗೆ ಹೋದರು. ಬಾಗಿಲು ಹಾಕಿದ್ದಿತು. ಬಾಗಿಲಿಗೆ ರಟ್ಟಿನ ಮೇಲೆ ಸುಣ್ಣದ ಕಡ್ಡಿಯಿಂದ "ಮಂಗಳವಾರ ರಜೆ" ಎಂದು ಬರೆದು ತೂಗುಹಾಕಿದ್ದರು.

ಮನೆಗೆ ಬಂದು, "ಕಾಫಿ ಇದೆಯೇನು?" ಎಂದರು. ನಮ್ಮಲ್ಲಿಯೂ ಡಿಕಾಕ್ಷನ್ ಮುಗಿದಿದ್ದಿತು. ಅದೇ ಪುಡಿಗೆ ಎರಡನೆಯ ಸಲ ನೀರು ಹಾಕಿ ಇಳಿಸಿ, ಹಾಲು ಸ್ವಲ್ಪ ಹೆಚ್ಚು ಮಾಡಿ ಕೊಟ್ಟೆ. ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. ಏನೂ ಹೇಳದೆ ಪೂರ್ತಿ ಕುಡಿದು ಲೋಟವನ್ನು ಕೆಳಗಿಟ್ಟರು.